ಮುಖ ನೋಡದ ಸೀರಮ್

ಅವರ ಎಡಗಣ್ಣಿಗೆ ಪೊರೆ ಬಂದಿದೆ ಎಂದು ತಿಳಿದ ದಿನ ನನಗೆ ಸಂತೋಷವಾಯಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ಈ ಮಾತನ್ನು ಬಿಟ್ಟರೆ ನಾನು ಬರೆಯುವುದೆಲ್ಲ ಬೀಳ್ಕೊಡುಗೆಯ ಭಾಷಣವಾಗುತ್ತದೆ. ಅಂಥ ಭಾಷಣವನ್ನು ಎರಡು ವರ್ಷದ ಹಿಂದೆ, ಅವರು ನಿವೃತ್ತರಾದ ದಿನ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಐದಾರು ಜನ ಮಾಡಿದರು. ನಾನೂ ಮಾಡಿದೆ. ಚಪ್ಪಾಳೆ ಬಂತು. ನಾನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ, ಹೇಳಬೇಕಾದದ್ದೂ ಇರಲಿಲ್ಲ.

ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ಮುಂಬಯಿಯಲ್ಲಿ ಇಡ್ಲಿ ಮಾರುವವನೂ ಅಣ್ಣ, ಲುಂಗಿ ಉಟ್ಟವನೂ ಅಣ್ಣ. ಅವರಿಗೆ ಆ ಹೆಸರು ಬಂದದ್ದೂ ಹಾಗೆಯೇ. ಉಡುಪಿಯ ಕಡೆಯಿಂದ ಬಂದು ಫೋರ್ಟ್ ಪ್ರದೇಶದ ಒಂದು ಹೋಟೆಲಿನಲ್ಲಿ ಆರು ವರ್ಷ ಟೇಬಲ್ಲಿಗೆ ತಿಂಡಿ ಕೊಟ್ಟವರು. ಹಗಲು ಬ್ಯಾಂಕಿನವರಿಗೂ ವಕೀಲರಿಗೂ ಕಾಫಿ, ಸಂಜೆ ಅಲ್ಲೇ ಹತ್ತಿರದ ಕನ್ನಡ ರಾತ್ರಿಶಾಲೆ. ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ನಾನು ಎಂ.ಎಸ್ಸಿ., ಪಿಎಚ್.ಡಿ. ಮುಗಿಸಿ ಆ ಲ್ಯಾಬಿಗೆ ಸೇರುವಾಗ ಅವರು ಅಲ್ಲಿ ಇಪ್ಪತ್ತು ವರ್ಷ ಕಳೆದಿದ್ದರು.

ನಮ್ಮ ಲ್ಯಾಬಿನ ಕೆಲಸ ಹೇಳಬೇಕು. ಕಿಡ್ನಿ ಕಸಿ ಮಾಡುವ ಮುಂಚೆ, ಕೊಡುವವರ ಕಿಡ್ನಿಯನ್ನು ಪಡೆಯುವವರ ಮೈ ಒಪ್ಪುತ್ತದೆಯೋ ಇಲ್ಲವೋ ನೋಡಿ ಹೇಳುವುದು. ಕೊಡುವವರ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸುತ್ತೇವೆ. ಪಡೆಯುವವರ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲ್ಗಡೆ ನಿಲ್ಲುವ ಹಳದಿ ತಿಳಿನೀರು ಇದೆಯಲ್ಲ, ಅದು ಸೀರಮ್. ಎರಡನ್ನೂ ಒಂದು ಚಿಕ್ಕ ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಹನಿ ಹನಿಯಾಗಿ ಬೆರೆಸುತ್ತೇವೆ. ಪಡೆಯುವವರ ಮೈ ಆ ಕಿಡ್ನಿಯನ್ನು ಶತ್ರುವೆಂದು ಮೊದಲೇ ಗುರುತು ಹಾಕಿಟ್ಟಿದ್ದರೆ, ಗುಳಿಯಲ್ಲಿ ಕಣಗಳು ಸಾಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಬದುಕಿರುವ ಕಣ ಮಣಿಯ ಹಾಗೆ ಹೊಳೆಯುತ್ತದೆ. ಸತ್ತದ್ದು ಉಬ್ಬಿ, ಬಣ್ಣ ಕುಡಿದು, ಮಂಕಾಗಿರುತ್ತದೆ. ಎಲ್ಲ ಹೊಳೆಯುತ್ತಿದ್ದರೆ ಅಂಕ ಒಂದು. ಬಹುಪಾಲು ಸತ್ತಿದ್ದರೆ ಎಂಟು. ಒಂದು ಬಂದರೆ ಆಪರೇಷನ್ ಆಗಬಹುದು. ಎಂಟು ಬಂದರೆ ಯಾರೂ ಕತ್ತಿ ಮುಟ್ಟಬಾರದು.

ಅಣ್ಣ ಆ ಗುಳಿಗಳನ್ನು ಓದುವುದೇ ಒಂದು ನೋಟ. ಎರಡೂ ಕಣ್ಣು ತೆರೆದು, ಎಡಗಣ್ಣನ್ನು ಮಾತ್ರ ಮಸೂರಕ್ಕೆ ಒಪ್ಪಿಸಿ, ಬೆನ್ನು ನೆಟ್ಟಗೆ ಇಟ್ಟು, ಹೋಟೆಲಿನಲ್ಲಿ ಒಳಗಡೆಗೆ ಆರ್ಡರ್ ಕೂಗುವ ದನಿಯಲ್ಲೇ ಅಂಕ ಕೂಗುತ್ತಿದ್ದರು. "ಒಂದು! ಒಂದು! ಎರಡು! ಒಂದು!" ನಾವು ಬರೆದುಕೊಳ್ಳಬೇಕು. ಬರೆಯುವವರ ಕೈ ಸೋಲುತ್ತಿತ್ತು, ಅವರ ಕಣ್ಣು ಸೋಲುತ್ತಿರಲಿಲ್ಲ. ನಾಲ್ಕು ಟ್ಯೂಬುಗಳನ್ನು ಒಂದೇ ಕೈಯ ಬೆರಳುಗಳ ನಡುವೆ ಹಿಡಿದು ತರುತ್ತಿದ್ದರು, ಕಾಫಿ ಲೋಟ ಹಿಡಿದ ಹಾಗೆ. ಹೊಸಬರು ಹೆದರುತ್ತಿದ್ದರು. ಒಂದೂ ಬಿದ್ದದ್ದನ್ನು ನಾನು ನೋಡಲಿಲ್ಲ. ನೋಡಲು ಕಾದಿದ್ದೆ.

ನನ್ನ ಹೊಟ್ಟೆಯುರಿ ಶುರುವಾದದ್ದು ಸೇರಿದ ಎರಡನೇ ವಾರ. ನಾನು ಅಚ್ಚುಕಟ್ಟಾಗಿ ಟೈಪ್ ಮಾಡಿ ಸಹಿ ಹಾಕಿದ ವರದಿಯನ್ನು ಮುಖ್ಯ ಸರ್ಜನ್ ಕೈಯಲ್ಲಿ ಹಿಡಿದು, ಪೂರ್ತಿ ಓದಿ, ತಲೆ ಎತ್ತಿ ಕೇಳಿದರು: "ಠೀಕ್ ಹೈ. ಲೇಕಿನ್ ಅಣ್ಣಾ ಕ್ಯಾ ಬೋಲ್ತಾ ಹೈ?"

ಅಣ್ಣ ಏನನ್ನುತ್ತಾನೆ? ಹನ್ನೊಂದು ವರ್ಷ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಹೊಸ ಯಂತ್ರಕ್ಕೆ ತರಬೇತಿ ಪಡೆದು ಬಂದೆ. ಲೇಸರ್ ಬೆಳಕಿನಲ್ಲಿ ಸಾವಿರಾರು ಕಣಗಳನ್ನು ಕ್ಷಣದಲ್ಲಿ ಎಣಿಸುವ ಯಂತ್ರ. ಅಣ್ಣ ಅದರ ಸುತ್ತ ಒಂದು ಸುತ್ತು ಹಾಕಿ, "ಚಂದ ಉಂಟು. ಆದರೆ ಇದಕ್ಕೆ ಸೀರಮ್ ಕೊಡುವವರು ನಾವೇ ಅಲ್ವಾ ಮೇಡಂ?" ಎಂದರು. ನಾನಿಲ್ಲದ ದಿನಗಳಲ್ಲಿ ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ ಮುಚ್ಚಿಡುತ್ತಿದ್ದರು. ಧೂಳು ಬೀಳಬಾರದು ಎಂದು ನೆಪ. ಅವರು ಸಾಧುವೇನೂ ಆಗಿರಲಿಲ್ಲ. ತಮ್ಮ ಕಣ್ಣಿನ ಬಗ್ಗೆ ಜಂಬ ಇತ್ತು. ಯಾರನ್ನೂ ಹೊಗಳುತ್ತಿರಲಿಲ್ಲ. ಇನ್ನೊಬ್ಬರು ಮಾಡಿದ ಕಾಫಿಯನ್ನು ಕುಡಿದು ಲೋಟ ಇಡುವಾಗ ಮುಖದಲ್ಲಿ ಅಭಿಪ್ರಾಯ ಇಟ್ಟೇ ಇಡುತ್ತಿದ್ದರು.

ಅವರಿಗೊಂದು ಪದ್ಧತಿಯಿತ್ತು. ಮುಖ ನೋಡದವರ ಸೀರಮ್ ಮುಟ್ಟುತ್ತಿರಲಿಲ್ಲ. ಪರೀಕ್ಷೆಗೆ ಮುಂಚೆ ಮೂರನೇ ಮಹಡಿಯ ವಾರ್ಡಿಗೆ ಇಳಿದು ಹೋಗುವರು. ಅಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಒಂದು ಸ್ಟೂಲ್ ಇತ್ತು, ಒಂದು ಕಾಲು ಸ್ವಲ್ಪ ಬಾಗಿದ್ದು. ಅದನ್ನು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತು, "ಊಟ ಆಯ್ತಾ?" ಎಂದು ಶುರುಮಾಡುವರು. ಹಿಂದಿಯಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ, ತುಳುವಿನಲ್ಲಿ. ಅರ್ಧ ಗಂಟೆಯಾದರೂ ಮೇಲೆ ಬರುತ್ತಿರಲಿಲ್ಲ. ನಾನು ಅದನ್ನು ಹೋಟೆಲಿನ ಚಟ ಎಂದುಕೊಂಡಿದ್ದೆ. ಕೇಳಬೇಕಾದ್ದೆಲ್ಲ ಫಾರಂನಲ್ಲಿ ಇತ್ತು: ಗರ್ಭ ಎಷ್ಟು, ರಕ್ತ ಏರಿಸಿದ್ದುಂಟೋ, ಹಿಂದೆ ಕಸಿ ಆಗಿತ್ತೋ. ವಾರ್ಡಿನ ಡಾಕ್ಟರು ತುಂಬಿ ಕಳಿಸುತ್ತಿದ್ದರು. ನಾನು ಹೋದರೂ ಫೈಲ್ ಎದೆಗೆ ಒತ್ತಿ ಹಾಸಿಗೆಯ ಕಾಲ ಬಳಿ ನಿಂತು, ಎರಡು ನಿಮಿಷದಲ್ಲಿ ಮುಗಿಸಿ ಬರುತ್ತಿದ್ದೆ.

ಇನ್ನೊಂದು ಪ್ರಸಂಗ. ನಮ್ಮಲ್ಲಿ ಕಸಿಯಾದವರ ಹತ್ತು ವರ್ಷದ ಗತಿಯನ್ನು, ಅವರ ರಕ್ತದಲ್ಲಿ ಆಮೇಲೆ ಹುಟ್ಟಿದ ಪ್ರತಿರೋಧವನ್ನು ಜೋಡಿಸಿ ನಾನೊಂದು ಪ್ರಬಂಧ ಬರೆದೆ. ಅದರಲ್ಲಿ ಒಂದು ನಕ್ಷೆ. ಎಲ್ಲರ ಕಿಡ್ನಿಯೂ ಕೆಲಸ ಮಾಡುತ್ತಿದ್ದಾಗ ಗೆರೆ ಮೇಲಿರುತ್ತದೆ. ಒಂದೊಂದು ಕಿಡ್ನಿ ನಿಂತಾಗ, ಅಥವಾ ಒಬ್ಬೊಬ್ಬರು ತೀರಿಕೊಂಡಾಗ, ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಅದರ ದೊಡ್ಡ ಪ್ರತಿಯನ್ನು ಗೋಡೆಗೆ ಅಂಟಿಸಿದ್ದೆ. ಅಣ್ಣ ಟಿಫಿನ್ ಡಬ್ಬಿ ಹಿಡಿದು ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ಹೇಳತೊಡಗಿದರು. "ಇದು ಮುಲುಂಡಿನ ಪೋಸ್ಟ್‌ಮ್ಯಾನ್. ಇದು ಆ ಟೀಚರ್, ಮಾತ್ರೆ ಬಿಟ್ಟರು. ಇದು ಎರಡು ಮೆಟ್ಟಿಲು ಒಟ್ಟಿಗೆ ಇಳಿದಿದೆ ನೋಡಿ, ಆ ಮಳೆಗಾಲದಲ್ಲಿ ಜ್ವರ ಬಂದು ಇಬ್ಬರು ಹೋದರಲ್ಲ?" ನಾನು ಫೈಲು ತೆಗೆದು ಹೋಲಿಸಿದೆ. ಸರಿಯಾಗಿತ್ತು. ಆ ನಕ್ಷೆ ಮಾಡಲು ನನಗೆ ಎರಡು ವರ್ಷ ಹಿಡಿದಿತ್ತು. ಅದರ ಮೇಲೆ ಅವರು ಮನೆಯ ಮೆಟ್ಟಿಲು ಇಳಿದ ಹಾಗೆ ಇಳಿದು ಹೋದರು. ಪ್ರಬಂಧದ ಕೊನೆಯಲ್ಲಿ, ಸಹಾಯ ಮಾಡಿದವರಿಗೆ ವಂದನೆ ಹೇಳುವ ಸಾಲಿನಲ್ಲಿ, ಅವರ ಹೆಸರನ್ನು ಎಲ್ಲರಿಗಿಂತ ಹಿಂದೆ ಹಾಕಿದೆ. ಅಂದು ಅದು ನನಗೆ ಧಾರಾಳತನ ಅನ್ನಿಸಿತ್ತು.

ಹೀಗಿರುವಾಗ ಅವರ ಎಡಗಣ್ಣಿಗೆ ಪೊರೆ ಬಂತು. ಸಾಂತಾಕ್ರೂಜಿನ ಅವರ ಮನೆಯ ಹತ್ತಿರವೇ ಆಪರೇಷನ್, ಒಂದು ವಾರ ರಜೆ. ಹೊರಡುವ ಮುಂಚೆ, "ನೀಲವ್ವನ ಕೇಸ್ ಉಂಟು. ನಾನು ಮುಖ ನೋಡಿಲ್ಲ. ನೀವೊಮ್ಮೆ ಹೋಗಿ ಬನ್ನಿ ಮೇಡಂ" ಎಂದರು.

ನೀಲವ್ವ ಆಕೆಯ ನಿಜವಾದ ಹೆಸರಲ್ಲ. ವಿಜಯಪುರದ ಕಡೆಯವಳು. ಗಂಡ ಚೆಂಬೂರಿನ ಸುತ್ತಮುತ್ತ ಹೊಸ ಬಿಲ್ಡಿಂಗುಗಳಲ್ಲಿ ಟೈಲ್ಸ್ ಕೂರಿಸುವವನು. ಅವನೇ ಹೆಂಡತಿಗೆ ಕಿಡ್ನಿ ಕೊಡುವವನಿದ್ದ. ನಾನೂ ಚೆಂಬೂರಿನವಳೇ. ಧಾರವಾಡದ ಕಡೆಯಿಂದ ಬಂದ ನನ್ನ ಅಪ್ಪ ಮನೆಯಲ್ಲಿ ಆಡುತ್ತಿದ್ದದ್ದು ಹೆಚ್ಚುಕಡಿಮೆ ನೀಲವ್ವನ ಭಾಷೆಯನ್ನೇ. ಆದರೆ ಆಸ್ಪತ್ರೆಯಲ್ಲಿ ನಾನು ಕನ್ನಡ ಆಡುತ್ತಿರಲಿಲ್ಲ. ಇಂಗ್ಲಿಷು ಬಾರದವರ ಜೊತೆ ಹಿಂದಿ. ಕನ್ನಡ ಆಡಿದರೆ ನಾನೂ ಒಂದು ಬಗೆಯ ಅಣ್ಣ ಆಗಿಬಿಡುತ್ತೇನೆ ಎಂಬ ಭಯ ಇತ್ತೆಂದು ಈಗ ಅನ್ನಿಸುತ್ತದೆ.

ನಾನು ವಾರ್ಡಿಗೆ ಹೋಗಲಿಲ್ಲ. ಫಾರಂ ನೋಡಿದೆ. ಮಕ್ಕಳು ಎರಡು. ರಕ್ತ ಏರಿಸಿಲ್ಲ.

ಈಗ ಬರೆಯುವುದನ್ನು ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ಮತ್ತೆ ನೋಡುತ್ತೇನೆ. ಲೋಕಲ್ ರೈಲಿನಲ್ಲಿ ನಿಂತಾಗ, ಕುಕ್ಕರ್ ಇಟ್ಟು ಕೂಗಿಗೆ ಕಾಯುವಾಗ. ಆಪರೇಷನ್ನಿಗೆ ಎರಡು ದಿನ ಮುಂಚೆ ಕೊನೆಯ ಕ್ರಾಸ್‌ಮ್ಯಾಚ್, ಅಂದರೆ ಆ ಗುಳಿಗಳ ಪರೀಕ್ಷೆ, ಮಾಡಬೇಕು. ಗಂಡನ ಬಿಳಿ ಕಣಗಳು ತಯಾರಾಗಿದ್ದವು. ಅವು ಹೆಚ್ಚು ಹೊತ್ತು ಬದುಕಿರುವುದಿಲ್ಲ. ನೀಲವ್ವನ ಹೊಸ ರಕ್ತದ ಟ್ಯೂಬು ಅಂದೇ ಬೆಳಿಗ್ಗೆ ಬಂದಿತ್ತು, ಸೀರಮ್ ತೆಗೆಯಲು ಇನ್ನೂ ಒಂದು ಗಂಟೆ ಬೇಕಿತ್ತು. ಮೂರು ವಾರದ ಹಿಂದೆ ತೆಗೆದು ಫ್ರೀಜರಿನಲ್ಲಿಟ್ಟ ಆಕೆಯದೇ ಸೀರಮ್ ಬೇರೊಂದು ಪರೀಕ್ಷೆಗೆಂದು ಹಿಮ ಕರಗಿ ನನ್ನ ಮುಂದೆಯೇ ಇತ್ತು. ಸಂಜೆ ನಾಲ್ಕರೊಳಗೆ ಅಣ್ಣ ಮನೆಯಿಂದ ಫೋನ್ ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಅವರು ಕೇಳುವಷ್ಟರಲ್ಲಿ ವರದಿ ನನ್ನೊಬ್ಬಳದೇ ಸಹಿಯಲ್ಲಿ ಸರ್ಜನ್ ಮೇಜಿನ ಮೇಲೆ ಇರಬೇಕು ಎಂಬ ಹಟ. ಮೂರು ವಾರದಲ್ಲಿ ಏನು ಬದಲಾಗುತ್ತದೆ? ಹಳೆಯ ಸೀರಮ್ಮನ್ನೇ ಹಾಕಿದೆ. ಎಲ್ಲ ಕಣ ಹೊಳೆದವು. ಯಂತ್ರವೂ ಅದೇ ಹೇಳಿತು, ಅದಕ್ಕೂ ಅದೇ ಹಳೆಯ ಸೀರಮ್ ಕೊಟ್ಟಿದ್ದೆ. ವರದಿಯಲ್ಲಿ ಸ್ಯಾಂಪಲ್ಲಿನ ದಿನಾಂಕ ಬರೆಯುವ ಜಾಗದಲ್ಲಿ ಹೊಸ ಟ್ಯೂಬಿನ ದಿನಾಂಕ ಬರೆದೆ.

ಅಣ್ಣ ಫೋನ್ ಮಾಡಿದರು. "ಆಯ್ತಾ?"

"ಆಯ್ತು. ಒಂದು. ಎಲ್ಲ ಒಂದು."

"ಮುಖ ನೋಡಿದಿರಾ?"

"ನೋಡಿದೆ," ಎಂದೆ.

ಆಪರೇಷನ್ ದಿನ ಬೆಳಿಗ್ಗೆ ಏಳೂವರೆಗೆ ಅವರು ಬಂದೇಬಿಟ್ಟರು. ಕಣ್ಣಿಗೆ ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ, ಜೇಬಿನಲ್ಲಿ ಡ್ರಾಪ್ಸ್. ಗೇಟಿನ ವಾಚ್‌ಮ್ಯಾನ್ ನಕ್ಕು, "ಕ್ಯಾ ಅಣ್ಣಾ, ಆಜ್ ಹೀರೋ ಲಗ್ ರಹೇ ಹೋ!" ಎಂದನಂತೆ. "ಹೀರೋಯಿನ್ ಮೂರನೇ ಮಹಡಿಯಲ್ಲಿದ್ದಾಳೆ, ನೋಡಿ ಬರ್ತೇನೆ" ಎಂದು ಅವರು ಲಿಫ್ಟ್ ಹತ್ತಿದರಂತೆ. ಆ ಹೊತ್ತಿಗೆ ಗಂಡನನ್ನು ಥಿಯೇಟರಿನ ಬಾಗಿಲಿಗೆ ಒಯ್ದಾಗಿತ್ತು. ನೀಲವ್ವನ ಸರದಿ ಸ್ವಲ್ಪ ತಡ. ಅಣ್ಣ ಸ್ಟೂಲ್ ಎಳೆದುಕೊಂಡು ಕೂತರು. ಅಲ್ಲಿ ನಡೆದ ಮಾತನ್ನು ನೀಲವ್ವನೇ ಆಮೇಲೆ ನನಗೆ ಹೇಳಿದ್ದಾಳೆ, ಅದೂ ಅವರ ದನಿಯನ್ನು ಅಣಕಿಸಿ.

"ಹೆದರಿಕೆ ಉಂಟಾ?"

"ಇಲ್ರೀ. ನಿಮ್ಮ ಚಸ್ಮಾ ನೋಡಿ ಹೆದರಿಕಿ ಆತ್ರೀ."

"ಮಕ್ಕಳೆಷ್ಟು?"

"ಎರಡ್ರೀ. ದೊಡ್ಡಾಕಿ ಏಳನೆತ್ತ ಓದ್ತಾಳ."

"ಇರುವ ಮಕ್ಕಳು ಎರಡು. ಹೊಟ್ಟೆ ಎಷ್ಟು ಸಲ ಮುಂದೆ ಬಂದಿತ್ತು?"

ನೀಲವ್ವ ಆಗ ಗೋಡೆಯ ಕಡೆ ನೋಡಿದಳಂತೆ. "ನಾಕ್ ಸಲ. ಎರಡು ಉಳೀಲಿಲ್ರೀ. ಅದನ್ಯಾರೂ ಕೇಳ್ಲಿಲ್ಲ."

"ಇತ್ತೀಚೆಗೆ ಯಾರಾದರೂ ರಕ್ತ ಏರಿಸಿದ್ರಾ?"

ಆಕೆ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು. ಅಣ್ಣ ಎದ್ದು ಹೋಗಲಿಲ್ಲ. ಡ್ರಾಪ್ಸ್ ತೆಗೆದು, "ಇದನ್ನೊಂಚೂರು ಕಣ್ಣಿಗೆ ಹಾಕ್ತೀಯಾ? ನನಗೆ ಕೈ ನಡುಗ್ತದೆ" ಎಂದರು. ಅವರ ಕೈ ನಡುಗುವುದೇ? ಆಕೆ ಎದ್ದು ಕೂತು ಅವರ ಕಣ್ಣಿಗೆ ಹನಿ ಹಾಕಿದಳು. ಹಾಕುತ್ತ ಹೇಳಿದಳು. ಹದಿನೆಂಟು ದಿನದ ಹಿಂದೆ ಉಸಿರು ಹತ್ತಿ ಬಂದಾಗ ಮನೆ ಹತ್ತಿರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಒಂದು ಬಾಟಲಿ ರಕ್ತ ಏರಿಸಿದ್ದರು. "ಇವ್ರಿಗೆ ಹೇಳಿದ್ರ ತಾರೀಕು ಮುಂದ ಹಾಕ್ತಾರ, ಬಾಯಿ ಮುಚ್ಕೊಂಡ್ ಇರು ಅಂದ್ರ ನಮ್ಮನಿಯವ್ರು. ತಪ್ಪಾತೇನ್ರೀ?"

ತಪ್ಪು ಆಕೆಯದಲ್ಲ. ವಿಷಯ ಇಷ್ಟು: ಬಸಿರಿನಲ್ಲಿ ಬೆಳೆಯುವ ಮಗುವಿನಲ್ಲಿ ಅರ್ಧ ಗಂಡನ ಗುರುತು. ನಾಲ್ಕು ಬಸಿರಿನಲ್ಲಿ ತಾಯಿಯ ರಕ್ತ ಆ ಗುರುತನ್ನು ನಾಲ್ಕು ಸಲ ಕಂಡಿರುತ್ತದೆ. ಕೆಲವರ ರಕ್ತ ಅದನ್ನು ಶತ್ರುವಿನ ಗುರುತೆಂದು ಕಲಿತು, ವರ್ಷಗಟ್ಟಲೆ ಸದ್ದಿಲ್ಲದೆ ಇಟ್ಟುಕೊಂಡಿರುತ್ತದೆ. ಪರೀಕ್ಷೆಗೂ ಕಾಣುವುದಿಲ್ಲ. ಇನ್ನೊಬ್ಬರ ರಕ್ತ ಒಳಗೆ ಬಂದರೆ ಆ ನೆನಪು ಕೆರಳಿ, ಎರಡು ವಾರದಲ್ಲಿ ಸೀರಮ್ಮಿನ ತುಂಬ ತುಂಬಿಕೊಳ್ಳಬಹುದು. ಮೂರು ವಾರದ ಹಿಂದಿನ ಸೀರಮ್ಮಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಅಣ್ಣ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದರು. "ಯಾವ ಟ್ಯೂಬು ಹಾಕಿದ್ದು?"

"ಹೊಸದು," ಎಂದೆ.

ಅವರು ಫ್ರಿಜ್ಜಿನ ಬಳಿ ಹೋಗಿ, ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಟ್ಯೂಬುಗಳನ್ನು ಒಂದೊಂದಾಗಿ ಮುಖದ ಹತ್ತಿರ ತಂದು ನೋಡಿದರು. ಒಂದನ್ನು ತಂದು ನನ್ನ ಮುಂದೆ ಮೇಜಿನ ಮೇಲೆ ನಿಲ್ಲಿಸಿದರು. ನೀಲವ್ವನ ಹೊಸ ಟ್ಯೂಬು. ಮುಚ್ಚಳದ ಮೇಲಿನ ಸೀಲು ಹಾಗೇ ಇತ್ತು.

"ರಕ್ತ ಏರಿಸಿದ್ದಾರೆ ಮಾರಾಯ್ತಿ ಅವಳಿಗೆ," ಎಂದರು. ಆವರೆಗೆ ಅವರು ನನ್ನನ್ನು ಮೇಡಂ ಎನ್ನದೆ ಮಾತಾಡಿರಲಿಲ್ಲ. "ಹದಿನೆಂಟು ದಿನ ಆಯ್ತು."

ಅವರು ಥಿಯೇಟರಿಗೆ ಫೋನ್ ಹಚ್ಚಿದರು. ಸರ್ಜನ್ ಕೂಗಿದ್ದು ನನಗೂ ಕೇಳಿಸಿತು. "ಅಣ್ಣಾ, ಡೋನರ್ ಟೇಬಲ್ ಪೆ ಹೈ! ರಿಪೋರ್ಟ್ ಮೇರೆ ಹಾಥ್ ಮೆ ಹೈ!"

"ಸಾಬ್, ರಿಪೋರ್ಟ್ ಗಲತ್ ಹೈ. ಚಾಕು ಮತ್ ಲಗಾನಾ."

"ಕಿಸ್ನೆ ಗಲತ್ ಕಿಯಾ?"

ತಪ್ಪು ಮಾಡಿದ್ದು ಯಾರು ಎಂಬ ಪ್ರಶ್ನೆಗೆ ಅಣ್ಣ ಒಂದು ಕ್ಷಣ ನನ್ನನ್ನು ನೋಡಿದರು. ತಾನು ಎಂದು ಹೇಳಿಬಿಡುತ್ತಾರೆ, ನನ್ನನ್ನು ಉಳಿಸುತ್ತಾರೆ ಎಂದು ನಾನು ಕಾದೆ. ನಿಜ ಹೇಳುತ್ತೇನೆ, ಬೇಡಿಕೊಂಡೆ. ಅವರು ರಿಸೀವರನ್ನು ನನ್ನ ಕೈಗೆ ಕೊಟ್ಟರು.

"ನಾನು ಸರ್," ಎಂದೆ. "ಹಳೆಯ ಸೀರಮ್ ಹಾಕಿದೆ. ನಾನು."

ಆಮೇಲಿನ ನಾಲ್ಕು ಗಂಟೆ. ಗಂಡನ ಮೈಗೆ ಇನ್ನೂ ಅರಿವಳಿಕೆ ಕೊಟ್ಟಿರಲಿಲ್ಲ. ಅವನಿಂದ ಮತ್ತೆ ರಕ್ತ ತೆಗೆಸಿ ಅಣ್ಣನೇ ತಂದರು, ಬೆರಳುಗಳ ನಡುವೆ ಟ್ಯೂಬು ಹಿಡಿದು. ನಾನು ಕಣ ಬೇರ್ಪಡಿಸಿದೆ, ಹೊಸ ಟ್ಯೂಬಿನಿಂದ ಸೀರಮ್ ತೆಗೆದೆ, ಹನಿ ಹಾಕಿದೆ. "ನಿಧಾನ," ಎಂದಷ್ಟೇ ಅವರು ಹಿಂದಿನಿಂದ ಹೇಳಿದರು. ಕಾಯುವ ಹೊತ್ತಿನಲ್ಲಿ ಒಂದು ಸಂಗತಿ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಆಸ್ಪತ್ರೆಯಲ್ಲಿ, ಥಿಯೇಟರಿಗೆ ಸ್ಯಾಂಪಲ್ ಒಯ್ದಿದ್ದರಂತೆ. ಹೊಸ ಕಿಡ್ನಿಗೆ ಆಗಷ್ಟೇ ರಕ್ತ ಬಿಟ್ಟಿದ್ದರು. "ಗುಲಾಬಿ ಆಯ್ತು. ಎಲ್ಲರೂ ನಕ್ಕರು. ನಾನು ಅಲ್ಲೇ ನಿಂತಿದ್ದೆ. ನೋಡ್ತಾ ನೋಡ್ತಾ ನೇರಳೆ ಆಯ್ತು. ಆಮೇಲೆ ಕಪ್ಪು. ಒಂದು ಚಾ ಕುಡಿಯುವಷ್ಟು ಹೊತ್ತು ಹಿಡಿಯಲಿಲ್ಲ. ಕೊಟ್ಟವಳು ಆ ಹುಡುಗನ ತಾಯಿ. ಪಕ್ಕದ ಥಿಯೇಟರಿನಲ್ಲಿ ಅವಳ ಹೊಟ್ಟೆ ಹೊಲೀತಾ ಇದ್ರು." ಇದನ್ನು ಅವರು ಮತ್ತೆ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಮಾತ್ರ ಆ ಬಣ್ಣಗಳನ್ನು ಈಗಲೂ ನೋಡುತ್ತೇನೆ, ನೋಡದೇ ಇದ್ದವಳು. ನನ್ನ ಕಣ್ಣಿನಲ್ಲಿ ಅದು ಯಾವಾಗಲೂ ಟೈಲ್ಸಿನವನ ಕಿಡ್ನಿ.

ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅಣ್ಣ ಅದರ ಹತ್ತಿರವೂ ಬರಲಿಲ್ಲ. "ನನಗೆ ಕಾಣುವುದಿಲ್ಲ. ನೀನೇ ಕೂಗು," ಎಂದು ಪೆನ್ನು ಹಿಡಿದು ಕೂತರು.

ಮೊದಲ ಗುಳಿ ಪರೀಕ್ಷೆ ಸರಿಯಿದೆಯೇ ನೋಡಲು ಇಟ್ಟದ್ದು, ಎಲ್ಲ ಹೊಳೆಯುತ್ತಿದ್ದವು. "ಒಂದು." ನೀಲವ್ವನ ಗುಳಿಗೆ ಸರಿದೆ. ಒಂದೂ ಮಣಿ ಇರಲಿಲ್ಲ. ಉಬ್ಬಿದ, ಬಣ್ಣ ಕುಡಿದ, ಮಂಕಾದ ಕಣಗಳು, ಗುಳಿಯ ಅಂಚಿನವರೆಗೂ. ಫೋಕಸ್ ತಿರುಗಿಸಿ ಇನ್ನೊಮ್ಮೆ ನೋಡಿದೆ.

"ಕೂಗು ಮಾರಾಯ್ತಿ."

"ಎಂಟು."

"ಮುಂದಿನದು?"

"ಎಂಟು."

"ಮುಂದಿನದು?"

"ಎಂಟು. ಎಂಟು. ಎಂಟು."

ಅವರು ಬರೆದುಕೊಂಡರು. ಕಣ್ಣು ಕಾಣದೆ ಗೆರೆಯ ಮೇಲೆ ಕೆಳಗೆ ಹೋದ ಆ ಎಂಟುಗಳ ಹಾಳೆ ಈಗಲೂ ಫೈಲಿನಲ್ಲಿದೆ.

ಗಂಡನನ್ನು ಥಿಯೇಟರಿನಿಂದ ಹೊರತಂದಾಗ ಅವನು ಹಸಿರು ಗೌನಿನಲ್ಲಿ ಗಾಲಿಮಂಚದ ಮೇಲೆ ಎದ್ದು ಕೂತು ಅಣ್ಣನ ಜೊತೆ ಜಗಳಕ್ಕೇ ಇಳಿದ. "ನನ್ನ ಕಿಡ್ನಿ ಇಕಿಗಿ ಆಗಿಬರಂಗಿಲ್ಲ ಅಂತೀರಿ. ಹದಿನಾರ್ ವರ್ಷ ನಾನ ಹೆಂಗ ಆಗಿಬಂದೆ?"

"ಅದು ಅವಳ ಒಳ್ಳೆಯ ಗುಣ. ರಕ್ತಕ್ಕೆ ಅಷ್ಟು ತಾಳ್ಮೆ ಇಲ್ಲ ಮಾರಾಯ," ಎಂದರು ಅಣ್ಣ. ಅವನು ಅಳುತ್ತ ನಕ್ಕ. ನಾನು ಕಂಬದ ಹಿಂದೆ ನಿಂತಿದ್ದೆ. ಒಂದು ಜೀವ, ಬಹುಶಃ ಎರಡು, ನನ್ನ ಸಹಿಯಿಂದ ಹೋಗುವುದಿತ್ತು. ಅಂಥ ಹೊತ್ತಿನಲ್ಲೂ ಅವನು ಅಣ್ಣನ ಹೆಗಲ ಮೇಲೆ ಕೈಯಿಟ್ಟದ್ದು ನೋಡಿ ನನಗೆ ಹೊಟ್ಟೆ ಉರಿಯಿತು. ಮನುಷ್ಯರೊಳಗೆ ಇದು ಎಲ್ಲಿ ಅಡಗಿರುತ್ತದೋ, ಯಾವ ಬಾಟಲಿ ಏರಿದಾಗ ಕೆರಳುತ್ತದೋ.

ಐದು ತಿಂಗಳಾದ ಮೇಲೆ ನೀಲವ್ವನಿಗೆ ಕಸಿಯಾಯಿತು. ಇದೇ ಕಷ್ಟದಲ್ಲಿದ್ದ ಇನ್ನೊಂದು ಜೋಡಿ ಡೊಂಬಿವಿಲಿಯಲ್ಲಿ ಸಿಕ್ಕಿತು. ಟೈಲ್ಸಿನವನ ಕಿಡ್ನಿ ಅಲ್ಲಿಯ ಗಂಡಸಿಗೆ, ಆ ಗಂಡಸಿನ ಹೆಂಡತಿಯದು ನೀಲವ್ವನಿಗೆ. ಒಪ್ಪಿಗೆಯ ಕಾಗದಗಳೆಲ್ಲ ಮುಗಿದು, ಒಂದೇ ದಿನ ನಾಲ್ಕು ಥಿಯೇಟರು. ಆಕೆ ಈಗ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಬಂದಾಗ ಲ್ಯಾಬಿನ ಕಿಟಕಿಯಿಂದ ತಲೆ ಹಾಕಿ ಕೇಳುವುದು ಒಂದೇ ಮಾತು: "ಅಣ್ಣಾರು ಇಲ್ಲೇನ್ರೀ?"

ನನಗೆ ಲಿಖಿತ ಎಚ್ಚರಿಕೆ ಬಂತು. ಒಂದು ವರ್ಷ ನನ್ನ ಪ್ರತಿ ವರದಿಗೂ ಎರಡನೆಯ ಸಹಿ ಬೇಕೆಂದಾಯಿತು. ಎರಡನೆಯ ಸಹಿ ಅಣ್ಣನದು. ಅವರು ಪ್ರತಿಸಲವೂ ಟ್ಯೂಬು ತರಿಸಿ, ದಿನಾಂಕ ನೋಡಿ, ನನ್ನ ಹೆಸರಿನ ಕೆಳಗೆ ತಮ್ಮ ದುಂಡಗಿನ ಕನ್ನಡ ಸಹಿ ಹಾಕುತ್ತಿದ್ದರು. ಆ ದಿನದ ಬಗ್ಗೆ ಒಂದೂ ಮಾತಿಲ್ಲ. ಒಮ್ಮೆ ಚುಚ್ಚಿ ಮಾತಾಡಿದ್ದರೂ ನಾನು ಅವರನ್ನು ದ್ವೇಷಿಸಿ ನೆಮ್ಮದಿಯಾಗಿ ಇರುತ್ತಿದ್ದೆ.

ಮಾತು ಬಂದದ್ದು ನಿವೃತ್ತಿಯ ದಿನ, ಭಾಷಣಗಳಾದ ಮೇಲೆ. ಕೈ ತೊಳೆಯುವ ನಲ್ಲಿಯ ಹತ್ತಿರ ಇಬ್ಬರೇ ಇದ್ದೆವು.

"ನಿಮಗೊಂದು ಹೇಳ್ಬೇಕು ಮೇಡಂ. ಆ ಪ್ರಬಂಧದಲ್ಲಿ ನನ್ನ ಹೆಸರು ಕೊನೆಯಲ್ಲಿ ಹಾಕಿದಿರಲ್ಲ. ನನಗೆ ಮೇಲೆ ಬೇಕಿತ್ತು. ನಿಮ್ಮ ಹೆಸರಿನ ಸಾಲಿನಲ್ಲಿ."

ನಾನು ನಲ್ಲಿ ನಿಲ್ಲಿಸಿದೆ.

"ರಾತ್ರಿಶಾಲೆಯಲ್ಲಿ ಓದುವಾಗ ಬಿ.ಎಸ್ಸಿ. ಮಾಡ್ಬೇಕು ಅಂತ ಇತ್ತು. ಆಗ್ಲಿಲ್ಲ. ನೀವು ಬಂದ ದಿನದಿಂದ ನನಗೆ ಹೊಟ್ಟೆಕಿಚ್ಚು. ಅಷ್ಟು ಸಣ್ಣ ಪ್ರಾಯಕ್ಕೆ ಅಷ್ಟು ಓದು! ಯಂತ್ರಕ್ಕೆ ಬೆಡ್‌ಶೀಟ್ ಹಾಕಿದ್ದು ಧೂಳಿಗಲ್ಲ." ಕೈ ಒರೆಸಿಕೊಂಡು ನಕ್ಕರು. "ನಿಮಗೆ ಗೊತ್ತಿತ್ತು ಬಿಡಿ."

ಗೊತ್ತಿರಲಿಲ್ಲ. ಹನ್ನೊಂದು ವರ್ಷ ನಾನು ನನ್ನ ಉರಿಯಲ್ಲೇ ಮುಳುಗಿ ಎದುರಿನವರ ಹೊಗೆಯನ್ನು ನೋಡಿರಲಿಲ್ಲ. ಆ ಸಂಜೆ ನಾನು ಖುಷಿಯಲ್ಲೇ ಮನೆಗೆ ಹೋದೆ ಎಂದು ಹೇಳಿದರೆ ಓದುವವರು ನನ್ನನ್ನು ಏನೆಂದುಕೊಳ್ಳುತ್ತಾರೋ ತಿಳಿಯದು.

ಈಗ ಮುಖ ನೋಡಲು ನಾನೇ ವಾರ್ಡಿಗೆ ಇಳಿಯುತ್ತೇನೆ. ಅಪ್ಪನ ಕನ್ನಡ ಸ್ವಲ್ಪ ಸ್ವಲ್ಪ ಮರಳಿದೆ. ಟ್ಯೂಬಿನ ದಿನಾಂಕವನ್ನು ಮೂರು ಸಲ ಓದುತ್ತೇನೆ. ಇದೆಲ್ಲ ಸಾಕು ಎಂದುಕೊಂಡಿದ್ದೆ, ಕಳೆದ ವಾರದವರೆಗೆ.

ಕಳೆದ ವಾರ ಯಾದಗಿರಿ ಕಡೆಯ ಒಬ್ಬ ಹೆಂಗಸು ಸೇರಿದಳು. ಗಾರೆ ಕೆಲಸದ ಗುಂಪಿನಲ್ಲಿ ಬಂದವಳು, ಅತ್ತೆ ಪಕ್ಕದಲ್ಲೇ. ಕಿಡ್ನಿ ಕೊಡುವವನು ಗಂಡ. ಅತ್ತೆ ಚಹಾಕ್ಕೆ ಹೋದಾಗ ಕೇಳಿದೆ: "ಹೊಟ್ಟಿ ಎಷ್ಟ ಸಲ ಮುಂದ ಬಂದಿತ್ತವ್ವಾ?" ಅಣ್ಣನ ಮಾತನ್ನೇ, ನನ್ನ ಅಪ್ಪನ ಬಾಯಲ್ಲಿ. ಆಕೆ ಮೆಲ್ಲಗೆ, "ನೀಲವ್ವಕ್ಕ ಅಂದಿದ್ಲು, ಕರೇ ಚಸ್ಮಾದ ಅಣ್ಣಾರ ಅದಾರ, ಅವ್ರ ಮುಂದ ಏನಿದ್ರೂ ಹೇಳು ಅಂತ. ಅವ್ರಿಗೇ ಹೇಳ್ತೀನ್ರೀ" ಎಂದಳು.

ಹಳೆಯ ಉರಿ ಎದ್ದು ಬಂತು. ಹೊರಟುಹೋಗಬಹುದಿತ್ತು. ಫಾರಂನಲ್ಲಿ ಎರಡು ಎಂದು ಬರೆದಿತ್ತು. ನನಗೆ ಉಬ್ಬಿದ ಕಣಗಳು ಕಂಡವು. ಸಾಂತಾಕ್ರೂಜಿಗೆ ಫೋನ್ ಮಾಡಿ, ಸಂಗತಿ ಹೇಳಿ, ಮೊಬೈಲನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಸೆರಗಿನೊಳಗೆ ಹಿಡಿದು ಮಾತಾಡಿದಳು. ಮೊದಲು ಊಟದ ವಿಷಯ. ಒಮ್ಮೆ ನಕ್ಕಳು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ನನಗೆ ಮೊಬೈಲು ವಾಪಸು ಕೊಟ್ಟಳು.

"ಏನು ಹೇಳಿದಳು?" ನಾನು ಪೆನ್ನು ತೆಗೆದೆ. "ಹೇಳಿ, ಬರೆದುಕೊಳ್ತೇನೆ."

"ಎಂತದೂ ಹೇಳ್ಲಿಲ್ಲ. ಇನ್ನು ಮುಂದೆ ಅಲ್ಲಿ ಇರುವವರು ಇವರೇ, ಇವರಿಗೇ ಹೇಳು ಅಂದೆ." ಅಷ್ಟಕ್ಕೇ ಬಿಡದೆ ಅಣ್ಣ, "ನೀನು ನಿಂತಿದ್ದೀಯಲ್ಲ?" ಎಂದರು.

ನಾನು ನಿಂತಿದ್ದೆ. ಫೈಲು ಎದೆಗೆ ಒತ್ತಿಕೊಂಡು, ಹಾಸಿಗೆಯ ಕಾಲ ಬಳಿ. ಸಾಂತಾಕ್ರೂಜಿನಲ್ಲಿ ಕೂತ ಮನುಷ್ಯನಿಗೆ ಅದು ಹೇಗೆ ಕಂಡಿತೋ. ಪೊರೆ ತೆಗೆಸಿಕೊಂಡ ಕಣ್ಣು, ಅಷ್ಟು ದೂರದಿಂದ! ನನಗೆ ಆ ಕಣ್ಣಿನ ಮೇಲೆ ಆ ಕ್ಷಣ ಬಂದ ಅಸೂಯೆ ಹಿಂದೆಂದೂ ಬಂದಿರಲಿಲ್ಲ.

"ಕೂತ್ಕೋ ಮಾರಾಯ್ತಿ," ಎಂದು ಅವರು ಫೋನ್ ಇಟ್ಟರು.

ಕೆಂಪು ಸ್ಟೂಲ್ ಕಿಟಕಿಯ ಕೆಳಗಿತ್ತು. ಎಳೆದುಕೊಂಡೆ. ಬಾಗಿದ ಕಾಲಿನ ಕಡೆಗೆ ಅದು ವಾಲುತ್ತದೆ, ಕೂತವರು ತಾವಾಗಿಯೇ ಹಾಸಿಗೆಯ ಕಡೆಗೆ ಬಗ್ಗುತ್ತಾರೆ. ಫೈಲನ್ನು ನೆಲದ ಮೇಲಿಟ್ಟೆ. ಆಕೆ ಬಾಗಿಲ ಕಡೆ ಒಮ್ಮೆ ನೋಡಿ, ಅತ್ತೆ ಇನ್ನೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಅಂಗೈಯನ್ನು ತೆಗೆದುಕೊಂಡು ಅದರ ಮೇಲೆ ಬೆರಳಿನಿಂದ ಒಂದೊಂದೇ ಗೆರೆ ಎಳೆಯತೊಡಗಿದಳು. ಎರಡಾದ ಮೇಲೆ ನಿಲ್ಲಿಸಲಿಲ್ಲ.